ನಿಯೋ ಜಿಯೋ ಅಂದ್ರೆ ಏನು ಅಂತ ತಿಳಿಯಬೇಕಾದರೆ ಯಾವ ಆಟಗಳಿಂದ ಶುರು ಮಾಡಲಿ?

ಪ್ರಶ್ನೆ

ನಿಯೋ ಜಿಯೋ ಅನ್ನುವ ಹಳೆಯ ಆಟದ ಯಂತ್ರದ ಆಟಗಳ ದೊಡ್ಡ ಸಂಗ್ರಹ ಈಗ ನನ್ನ ಹತ್ತಿರ ಇದೆ. ಪಟ್ಟಿ ತೆರೆದರೆ ಎಲ್ಲಿಂದ ಶುರು ಮಾಡಬೇಕು ಅಂತಲೇ ತಿಳಿಯುತ್ತಿಲ್ಲ. ಕಿಂಗ್ ಆಫ್ ಫೈಟರ್ಸ್ ಒಂದರಲ್ಲೇ ಹತ್ತು ಆಟ. ಮೆಟಲ್ ಸ್ಲಗ್ ಆರು, ಸಮುರಾಯ್ ಶೋಡೌನ್ ಆರು. ಮೆಗಾ ಡ್ರೈವ್, ಸೂಪರ್ ನಿಂಟೆಂಡೊ ಯಂತ್ರಗಳ ಆಟಗಳನ್ನು ಚೆನ್ನಾಗಿ ಆಡಿದ್ದೇನೆ. ಇದು ಮಾತ್ರ ನನಗೆ ಹೊಸದು.

ಮೆಟಲ್ ಸ್ಲಗ್ 3 ಹಾಕಿದೆ. ಸತ್ತಾಗಲೆಲ್ಲ ಆಟ ಮುಂದುವರಿಸುವ ಕಾಯಿನ್ ಬಟನ್ ಒತ್ತುತ್ತಾ ಕೊನೆವರೆಗೂ ಹೋದೆ. ನೋಡಲು ಭರ್ಜರಿ, ಆದರೆ ಆಡಿದ ತೃಪ್ತಿ ಸಿಗಲಿಲ್ಲ. ಕಿಂಗ್ ಆಫ್ ಫೈಟರ್ಸ್ '94 ಹಾಕಿದರೆ ಕೊನೆಯ ಬಾಸ್ ರುಗಾಲ್ ಹತ್ತಿರಕ್ಕೇ ಬಿಡಲಿಲ್ಲ.

ಐವತ್ತು ಆಟಗಳ ಪಟ್ಟಿ ಬೇಡ, ಅಂಥವು ಬೇಕಾದಷ್ಟು ಸಿಗುತ್ತವೆ. ನಾಲ್ಕೈದು ಆಟ ಸಾಕು. ಆದರೆ ಒಂದೊಂದರಲ್ಲಿ ಏನನ್ನು ಗಮನಿಸಬೇಕು ಅಂತ ಹೇಳಿ. ಇದರಲ್ಲಿ ಬರೀ ಹೊಡೆದಾಟದ ಆಟಗಳೇನಾ? ಇನ್ನೊಂದು, ಒಳಗಿರುವುದು ಮೆಗಾ ಡ್ರೈವ್‌ನಲ್ಲಿದ್ದ ಅದೇ 68000 ಚಿಪ್ ತಾನೇ? ಹಾಗಿದ್ದ ಮೇಲೆ ಈ ಯಂತ್ರದ ಬಗ್ಗೆ ಜನ ಇಷ್ಟೊಂದು ಯಾಕೆ ಮಾತಾಡುತ್ತಾರೆ?

ಉತ್ತರ 1

ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಅದು ಗೊತ್ತಾದರೆ ಆಟ ಆರಿಸುವುದು ಸುಲಭ.

ಎಸ್‌ಎನ್‌ಕೆ ನಿಯೋ ಜಿಯೋ ತಯಾರಿಸಿದ, ಜಪಾನಿನ ಒಸಾಕಾದ ಕಂಪನಿ. 1990ರಲ್ಲಿ ಒಂದೇ ಯಂತ್ರವನ್ನು ಎರಡು ರೂಪದಲ್ಲಿ ತಂದರು. ಆರ್ಕೇಡ್‌ಗೆ (ನಾಣ್ಯ ಹಾಕಿ ಆಡುವ ಅಂಗಡಿಗೆ) ಎಂವಿಎಸ್, ಮನೆಗೆ ಎಇಎಸ್. ಎಂವಿಎಸ್ ಕ್ಯಾಬಿನೆಟ್‌ನಲ್ಲಿ ಒಂದರಿಂದ ಆರರವರೆಗೆ ಕಾರ್ಟ್ರಿಡ್ಜ್, ಅಂದರೆ ಆಟ ತುಂಬಿದ ಪೆಟ್ಟಿಗೆ, ಕೂರಿಸಬಹುದಿತ್ತು. ಹೊಸ ಆಟ ಬೇಕೆಂದರೆ ಆರ್ಕೇಡ್ ಮಾಲೀಕ ಇಡೀ ಬೋರ್ಡ್ ಬದಲಿಸಬೇಕಾಗಿರಲಿಲ್ಲ. ಹಳೆಯ ಕಾರ್ಟ್ರಿಡ್ಜ್ ತೆಗೆದು ಹೊಸದು ಹಾಕಿದರೆ ಮುಗಿಯಿತು. ಮನೆಯ ಕಾರ್ಟ್ರಿಡ್ಜ್‌ನ ಪಿನ್‌ಗಳು ಬೇರೆ, ಆದರೆ ಒಳಗಿನ ಆಟ ಅದೇ. ಆರ್ಕೇಡ್‌ನಲ್ಲಿ ಮೆಮೊರಿ ಕಾರ್ಡ್‌ಗೆ ಉಳಿಸಿಕೊಂಡು ಬಂದು ಮನೆಯಲ್ಲಿ ಮುಂದುವರಿಸಬಹುದಿತ್ತು. ಎಇಎಸ್ ಮೊದಲು ಬಾಡಿಗೆಗೆ ಮಾತ್ರ ಸಿಗುತ್ತಿತ್ತು, ಆಮೇಲೆ ಮಾರಾಟಕ್ಕೆ ಬಂತು. ಅಮೆರಿಕದಲ್ಲಿ ಆಟವೊಂದರ ಜೊತೆ 649.99 ಡಾಲರ್. ಮುಂದೆ ಕೊಳ್ಳುವ ಒಂದೊಂದು ಕಾರ್ಟ್ರಿಡ್ಜ್‌ಗೆ ಸುಮಾರು 200 ಡಾಲರ್. ಹಾಗಾಗಿ ಹೆಚ್ಚಿನವರಿಗೆ ಅದು ಅಂಗಡಿಯ ಗಾಜಿನಾಚೆ ಕಾಣುವ ಯಂತ್ರವಾಗಿಯೇ ಉಳಿಯಿತು.

ಚಿಪ್ ವಿಷಯದಲ್ಲಿ ನೀವು ಹೇಳಿದ್ದು ಸರಿ. 12 ಮೆಗಾಹರ್ಟ್ಸ್‌ನ 68000, ಜೊತೆಗೆ ಝಡ್80 ಅನ್ನುವ ಇನ್ನೊಂದು ಚಿಪ್, ಶಬ್ದಕ್ಕೆ ಯಮಾಹಾದ ವೈಎಂ2610. ಲೆಕ್ಕ ಹಾಕುವ ಶಕ್ತಿಯಲ್ಲಿ ದೊಡ್ಡ ಅದ್ಭುತವೇನೂ ಇಲ್ಲ. ಚಿತ್ರ ಬಿಡಿಸುವ ರೀತಿ ಮಾತ್ರ ಪೂರ್ತಿ ಬೇರೆ. ಮೆಗಾ ಡ್ರೈವ್‌ನಲ್ಲಿ ಹಿನ್ನೆಲೆಗೆ ಒಂದು ವ್ಯವಸ್ಥೆ, ಪಾತ್ರಗಳಿಗೆ ಸ್ಪ್ರೈಟ್ (ತೆರೆಯ ಮೇಲೆ ಬೇಕಾದಲ್ಲಿ ಸರಿಸಬಹುದಾದ ಚಿತ್ರದ ತುಂಡು) ಅನ್ನುವ ಇನ್ನೊಂದು ವ್ಯವಸ್ಥೆ. ನಿಯೋ ಜಿಯೋದಲ್ಲಿ ಹಿನ್ನೆಲೆ ಅನ್ನುವುದೇ ಇಲ್ಲ. ಅಂಕಿ, ಅಕ್ಷರ ತೋರಿಸುವ ಒಂದು ತೆಳು ಪದರ ಬಿಟ್ಟರೆ ಉಳಿದದ್ದೆಲ್ಲ ಸ್ಪ್ರೈಟ್. ಆಕಾಶ, ಗೋಡೆ, ಹೊಡೆದಾಡುವವರು, ಹಾರುವ ಕಿಡಿ, ಎಲ್ಲ. ಒಂದೊಂದು ಸ್ಪ್ರೈಟ್ 16 ಪಿಕ್ಸೆಲ್ ಅಗಲ, ಎತ್ತರ 512 ಪಿಕ್ಸೆಲ್‌ವರೆಗೆ. ತೆರೆಯ ಅಗಲ 320. ಅಂದರೆ ಇಪ್ಪತ್ತೊಂದು ಪಟ್ಟಿ ಪಕ್ಕಪಕ್ಕ ನಿಲ್ಲಿಸಿದರೆ ಒಂದು ಹಿನ್ನೆಲೆ ತಯಾರು, ಸರಿಸಲು ಜಾಗವೂ ಸಿಗುತ್ತದೆ. ತೆರೆಯ ಮೇಲೆ 380 ಸ್ಪ್ರೈಟ್ ಇಡಬಹುದು, ಒಂದು ಗೆರೆಯಲ್ಲಿ 96. ಇದನ್ನು ಹೇಗೆ ಹಂಚಬೇಕು ಅನ್ನುವುದು ಪೂರ್ತಿ ಕಲಾವಿದನಿಗೆ, ಪ್ರೋಗ್ರಾಮರ್‌ಗೆ ಬಿಟ್ಟದ್ದು.

ಇನ್ನೊಂದು ವಿಷಯ ಜಾಗ. 1992ರಲ್ಲಿ ಸೂಪರ್ ನಿಂಟೆಂಡೊಗೆ ಬಂದ ಸ್ಟ್ರೀಟ್ ಫೈಟರ್ 2 ಅನ್ನುವ ಹೊಡೆದಾಟದ ಆಟದ ಕಾರ್ಟ್ರಿಡ್ಜ್ 16 ಮೆಗಾಬಿಟ್. ಅದೇ ವರ್ಷದ ನಿಯೋ ಜಿಯೋದ ಆರ್ಟ್ ಆಫ್ ಫೈಟಿಂಗ್ 102 ಮೆಗಾಬಿಟ್. ಆಟ ಶುರುವಾಗುವ ಮೊದಲು ಮ್ಯಾಕ್ಸ್ 330 ಮೆಗಾ ಅಂತ ತೆರೆಯ ಮೇಲೆ ಬರುತ್ತದಲ್ಲ, ಅದು ಯಂತ್ರ ನೇರವಾಗಿ ಓದಬಲ್ಲ ಮಿತಿ. ಆಮೇಲೆ ಕಾರ್ಟ್ರಿಡ್ಜ್‌ನ ಬೇರೆ ಬೇರೆ ಭಾಗಗಳನ್ನು ಸರದಿಯಲ್ಲಿ ತೋರಿಸುವ, ಬ್ಯಾಂಕ್ ಬದಲಿಸುವ ಉಪಾಯದಿಂದ ಅದನ್ನೂ ದಾಟಿದರು. ಮೆಟಲ್ ಸ್ಲಗ್ 3 ಬರುವ ಹೊತ್ತಿಗೆ 708 ಆಗಿತ್ತು.

1990ರ ನಾಮ್-1975 ಅನ್ನುವ ಆಟದಿಂದ 2004ರ ಸಮುರಾಯ್ ಶೋಡೌನ್ 5 ಸ್ಪೆಷಲ್‌ವರೆಗೆ ಯಂತ್ರ ಅದೇ. ಚಿಪ್ ಬದಲಾಗಲಿಲ್ಲ, ನಾಲ್ಕು ಬಟನ್ ಐದಾಗಲಿಲ್ಲ. ಕಾರ್ಟ್ರಿಡ್ಜ್ ದೊಡ್ಡದಾಯಿತು, ಆಟ ಕಟ್ಟುವವರ ಕೈ ಪಳಗಿತು, ಅಷ್ಟೇ. ಅದಕ್ಕೇ ನನ್ನ ಆಯ್ಕೆಗೆ ಒಂದೇ ಅಳತೆಗೋಲು: ಈ ಯಂತ್ರವನ್ನು ಇವರು ಹೇಗೆ ಕಲಿತರು ಅನ್ನುವುದು ಯಾವ ಆಟದಲ್ಲಿ ಕಣ್ಣಿಗೆ ಕಾಣುತ್ತದೆ? ಹಾಗೆ ನೋಡಿದರೆ ಐದು ಆಟ. ದಯವಿಟ್ಟು ಇದೇ ಕ್ರಮದಲ್ಲಿ ಆಡಿ.

ಮೊದಲು ಆರ್ಟ್ ಆಫ್ ಫೈಟಿಂಗ್, 1992. ಇದನ್ನು ಪೂರ್ತಿ ಆಡಬೇಕಾಗಿಲ್ಲ, ಒಂದೆರಡು ಸುತ್ತು ಸಾಕು. ಈಗ ಆಡಿದರೆ ಕೈಗೆ ಒರಟು ಅನ್ನಿಸುತ್ತದೆ. ಒಬ್ಬರೇ ಆಡುವಾಗ ರ್‍ಯೋ, ರಾಬರ್ಟ್ ಇಬ್ಬರೇ ಸಿಗುತ್ತಾರೆ. ನೋಡಬೇಕಾದದ್ದು ಗಾತ್ರ. ಇಬ್ಬರೂ ಹತ್ತಿರ ಬಂದರೆ ಪಾತ್ರಗಳು ತೆರೆಯ ತುಂಬ ನಿಲ್ಲುತ್ತವೆ, ದೂರ ಸರಿದರೆ ಇಡೀ ದೃಶ್ಯ ಚಿಕ್ಕದಾಗುತ್ತದೆ. ಈ ಯಂತ್ರಕ್ಕೆ ಸ್ಪ್ರೈಟನ್ನು ಕುಗ್ಗಿಸಲು ಬರುತ್ತದೆ, ಹಿಗ್ಗಿಸಲು ಬರುವುದಿಲ್ಲ. ಹಾಗಾಗಿ ಎಲ್ಲವನ್ನೂ ಮೊದಲೇ ದೊಡ್ಡದಾಗಿ ಬಿಡಿಸಿಟ್ಟು, ಬೇಕಾದಾಗ ಕುಗ್ಗಿಸಿದ್ದಾರೆ. 102 ಮೆಗಾಬಿಟ್ ಯಾಕೆ ಬೇಕಾಯಿತು ಅಂತ ಅಲ್ಲೇ ಗೊತ್ತಾಗುತ್ತದೆ. ಸುತ್ತಿನ ಕೊನೆಯಲ್ಲಿ ಮುಖಗಳನ್ನೂ ನೋಡಿ. ಹೊಡೆತ ತಿಂದ ಮುಖ ಊದಿರುತ್ತದೆ. ಜೀವದ ಪಟ್ಟಿಯ ಕೆಳಗಿನ ಸ್ಪಿರಿಟ್ ಪಟ್ಟಿಯೂ ಮುಖ್ಯ. ವಿಶೇಷ ಹೊಡೆತ ಹೊಡೆದಷ್ಟೂ ಅದು ಖಾಲಿಯಾಗುತ್ತದೆ, ಎದುರಾಳಿ ಕೆಣಕಿದರೂ ಇಳಿಯುತ್ತದೆ. ಹೊಡೆದಾಟದ ಆಟದಲ್ಲಿ ಶಕ್ತಿಯನ್ನು ಲೆಕ್ಕ ಹಾಕಿ ಖರ್ಚು ಮಾಡುವ ಯೋಚನೆ ಇಲ್ಲಿ ಗಟ್ಟಿಯಾಗಿ ಕಾಣುತ್ತದೆ.

ಎರಡನೆಯದು ಸಮುರಾಯ್ ಶೋಡೌನ್ 2, 1994. ಆ ಕುಗ್ಗಿಸುವ ತಂತ್ರ ಇಲ್ಲೂ ಇದೆ. ಆದರೆ ಇಲ್ಲಿ ಅದು ಬರೀ ತೋರಿಕೆಗೆ ಇಟ್ಟದ್ದಲ್ಲ. ಇಬ್ಬರ ನಡುವಿನ ದೂರವೇ ಈ ಆಟದ ಜೀವ, ಆ ದೂರ ಕಣ್ಣಿಗೆ ಕಾಣಲಿ ಅಂತಲೇ ಕ್ಯಾಮೆರಾ ಹಿಂದೆ ಸರಿಯುತ್ತದೆ.

ಮೊದಲ ಸಲ ಹಾವೊಮಾರು ಅನ್ನುವ ಪಾತ್ರವನ್ನು ಆರಿಸಿಕೊಳ್ಳಿ. ಎ, ಬಿ ಬಟನ್ ಒಟ್ಟಿಗೆ ಒತ್ತಿದರೆ ಅವನ ದೊಡ್ಡ ಬೀಸು. ತಗುಲಿದರೆ ಎದುರಾಳಿಯ ಜೀವದ ಪಟ್ಟಿಯಲ್ಲಿ ದೊಡ್ಡ ತುಂಡೇ ಹೋಗುತ್ತದೆ. ತಪ್ಪಿದರೆ ಕತ್ತಿ ಹಿಂದಕ್ಕೆ ಬರುವವರೆಗೂ ನೀವು ಬಯಲಲ್ಲಿ ನಿಂತ ಹಾಗೆ. ಸ್ಟ್ರೀಟ್ ಫೈಟರ್ ಥರ ಒಂದರ ಹಿಂದೆ ಒಂದು ಹೊಡೆತ ಪೋಣಿಸಲು ಹೋಗಬೇಡಿ. ಒಂದು ಹೆಜ್ಜೆ ಮುಂದೆ, ಅರ್ಧ ಹೆಜ್ಜೆ ಹಿಂದೆ. ಎದುರಾಳಿ ಬೀಸುವಂತೆ ಮಾಡಿ, ತಪ್ಪಿದ ಕ್ಷಣದಲ್ಲಿ ಹೊಡೆಯಿರಿ. ಕತ್ತಿಗೆ ಕತ್ತಿ ಸಿಕ್ಕಿಕೊಂಡಾಗ ಬಟನ್‌ಗಳನ್ನು ಪಟಪಟ ಒತ್ತಬೇಕು. ಸೋತವನ ಆಯುಧ ಹಾರಿ ಹೋಗುತ್ತದೆ. ಆಮೇಲೂ ಆಟ ಮುಗಿದಿಲ್ಲ. ಬರಿಗೈಯಲ್ಲಿ ಎದುರಾಳಿಯ ಕತ್ತಿಯನ್ನೇ ಹಿಡಿಯಬಹುದು. ಏಟು ತಿಂದಷ್ಟೂ ಕೋಪದ ಪಟ್ಟಿ ತುಂಬುತ್ತದೆ, ತುಂಬಿದಾಗ ಹೊಡೆತದ ಬಲ ಏರುತ್ತದೆ. ಸೋಲುತ್ತಿರುವವನ ಕಡೆಗೂ ಆಟ ವಾಲುವುದು ಹೀಗೆ.

ಸದ್ದನ್ನೂ ಗಮನಿಸಿ. ಬೇರೆ ಹೊಡೆದಾಟದ ಆಟಗಳಲ್ಲಿ ಡ್ರಮ್, ಗಿಟಾರ್ ಬಡಿಯುತ್ತಲೇ ಇರುತ್ತವೆ. ಇಲ್ಲಿ ಶಾಕುಹಾಚಿ ಕೊಳಲು, ಶಮಿಸೆನ್ ತಂತಿ, ನಡುವೆ ಖಾಲಿ ಜಾಗ. ಆ ಖಾಲಿ ಜಾಗದಲ್ಲಿ ಕತ್ತಿಯ ಸದ್ದು ಬಿದ್ದಾಗ ಮೈ ಝುಂ ಅನ್ನುತ್ತದೆ. ನನಗೆ ಕೇಳಿದರೆ ಈ ಯಂತ್ರದ ಅತ್ಯಂತ ಧೈರ್ಯದ ಆಟ ಇದೇ. ಎಲ್ಲರೂ ವೇಗದ ಹಿಂದೆ ಓಡುತ್ತಿದ್ದ ಹೊತ್ತಿನಲ್ಲಿ ಇವರು ಕಾಯುವುದನ್ನೇ ಆಟ ಮಾಡಿದರು.

ಮೂರನೆಯದು ಮೆಟಲ್ ಸ್ಲಗ್, 1996. ನೀವು 3ರಿಂದ ಶುರು ಮಾಡಿದ್ದೀರಿ. ಅದನ್ನು ಸದ್ಯಕ್ಕೆ ಬದಿಗಿಟ್ಟು ಮೊದಲನೆಯದಕ್ಕೆ ಬನ್ನಿ. ಇದನ್ನು ಮಾಡಿದ್ದು ನಾಜ್ಕಾ ಅನ್ನುವ ಸಣ್ಣ ತಂಡ. ಇರೆಮ್ ಕಂಪನಿ ಬಿಟ್ಟು ಬಂದವರು. ಮೊದಲು ಇದರಲ್ಲಿ ಮನುಷ್ಯ ಪಾತ್ರವೇ ಇರಲಿಲ್ಲ, ಆಟಗಾರ ಪೂರ್ತಿ ಟ್ಯಾಂಕನ್ನೇ ನಡೆಸಬೇಕಿತ್ತು. ಆರ್ಕೇಡ್‌ನಲ್ಲಿ ಪರೀಕ್ಷೆಗೆ ಇಟ್ಟಾಗ ಜನರಿಗೆ ಹಿಡಿಸಲಿಲ್ಲ. ಆಮೇಲೆ ಮಾರ್ಕೊ, ಟಾರ್ಮಾ ಇಬ್ಬರು ಸೈನಿಕರನ್ನು ತಂದು ಆಟವನ್ನು ತಿರುಗಿ ಕಟ್ಟಿದರು. ಟ್ಯಾಂಕ್ ಹತ್ತಿ ಇಳಿಯುವ ವಾಹನವಾಯಿತು.

ಆ ಟ್ಯಾಂಕನ್ನು ಒಮ್ಮೆ ನಿಧಾನವಾಗಿ ನೋಡಿ. ಸುಮ್ನೆ ನಿಂತಾಗಲೂ ಎಂಜಿನ್ ಜೊತೆ ಮೈ ಅಲುಗುತ್ತಿರುತ್ತದೆ. ಹಾರಿ ಕೆಳಗೆ ಬಿದ್ದರೆ ಒಡಲು ಚಕ್ರಗಳ ಮೇಲೆ ಕುಸಿದು ಮತ್ತೆ ಏಳುತ್ತದೆ. ಕೆಳಗೆ ಒತ್ತಿದರೆ ಬಗ್ಗುತ್ತದೆ. ಕಬ್ಬಿಣದ ಪೆಟ್ಟಿಗೆಗೆ ಪ್ರಾಣ ಬಂದ ಹಾಗೆ. ಶತ್ರು ಸೈನಿಕರೂ ಹಾಗೇ. ನೀವು ಕಾಣುವ ಮೊದಲು ಹರಟುತ್ತಾ ಕೂತಿರುತ್ತಾರೆ, ಕಂಡ ತಕ್ಷಣ ಕಿರುಚಿ ಓಡುತ್ತಾರೆ, ನೀವು ಸತ್ತರೆ ನಗುತ್ತಾರೆ. ಈ ಎಲ್ಲವನ್ನೂ ಒಂದೊಂದು ಚೌಕಟ್ಟಾಗಿ ಕೈಯಿಂದ ಬಿಡಿಸಿದ್ದಾರೆ. ಇಡೀ ಆಟ 193 ಮೆಗಾಬಿಟ್, ಅಂದರೆ ಸುಮಾರು 24 ಮೆಗಾಬೈಟ್.

ಈಗ ನಿಮಗೆ ತೃಪ್ತಿ ಸಿಗದ ವಿಷಯ. ಕಾಯಿನ್ ಒತ್ತುತ್ತಾ ಹೋದರೆ ಈ ಆಟದ ಮುಖ್ಯ ಕಟ್ಟು ಕಾಣುವುದೇ ಇಲ್ಲ. ದಾರಿಯಲ್ಲಿ ಕಟ್ಟಿಹಾಕಿರುವ ಗಡ್ಡದ ಕೈದಿಗಳನ್ನು ಬಿಡಿಸುತ್ತೀರಿ ಅಲ್ವಾ? ಹಂತದ ಕೊನೆಯಲ್ಲಿ ಅವರ ಲೆಕ್ಕಕ್ಕೆ ಅಂಕ ಸಿಗುತ್ತದೆ. ನೀವು ಸತ್ತರೆ ಅಲ್ಲಿವರೆಗೆ ಬಿಡಿಸಿದವರ ಲೆಕ್ಕ ಹೋಯಿತು. ಒಂದು ಗುಂಡು ತಗುಲಿದರೂ ಸಾವು. ಟ್ಯಾಂಕ್‌ನಲ್ಲಿದ್ದರೆ ಮೂರು ಏಟಿನವರೆಗೆ ತಡೆಯುತ್ತದೆ. ಹಾಗಾಗಿ ಟ್ಯಾಂಕನ್ನು ಎಷ್ಟು ದೂರ ಉಳಿಸಿಕೊಂಡು ಹೋಗಬಹುದು, ಯಾವಾಗ ಅದನ್ನೇ ಬಾಸ್ ಮೇಲೆ ನುಗ್ಗಿಸಿ ಬಲಿ ಕೊಡಬೇಕು, ಈ ಯೋಚನೆಯಲ್ಲೇ ಆಟ ನಡೆಯುತ್ತದೆ.

ನಾಲ್ಕನೆಯದು ಕಿಂಗ್ ಆಫ್ ಫೈಟರ್ಸ್ '98. ಹತ್ತರಲ್ಲಿ ಒಂದನ್ನೇ ಆರಿಸಿ ಅಂದರೆ ಕಣ್ಣು ಮುಚ್ಚಿ ಇದು. ಆರ್ಕೇಡ್ ಮಾಲೀಕ ಕಾರ್ಟ್ರಿಡ್ಜ್ ಮಾತ್ರ ಬದಲಿಸಿದರೆ ಸಾಕು ಅಂದೆನಲ್ಲ, ವರ್ಷಕ್ಕೊಂದು ಕಿಂಗ್ ಆಫ್ ಫೈಟರ್ಸ್ ಬರಲು ಆ ವ್ಯವಸ್ಥೆ ದೊಡ್ಡ ಬೆಂಬಲ ಕೊಟ್ಟಿತು. 1994ರಲ್ಲಿ ಶುರುವಾದಾಗ ಹೊಸ ವಿಷಯ ಅಂದರೆ ಮೂವರ ತಂಡ. ಫೇಟಲ್ ಫ್ಯೂರಿಯ ಟೆರಿ, ಆರ್ಟ್ ಆಫ್ ಫೈಟಿಂಗ್‌ನ ರ್‍ಯೋ, ಸೈಕೋ ಸೋಲ್ಜರ್‌ನ ಅಥೀನಾ, ಇಕಾರಿ ವಾರಿಯರ್ಸ್‌ನ ರಾಲ್ಫ್, ಕ್ಲಾರ್ಕ್, ಎಲ್ಲರೂ ಒಂದೇ ಕಡೆ. '95ರಿಂದ '97ರವರೆಗೆ ಒರೊಚಿ ಅನ್ನುವ ಒಂದೇ ಕಥೆ ಓಡಿತು. '98ರಲ್ಲಿ ಕಥೆ ಬಿಟ್ಟುಬಿಟ್ಟರು. ಸತ್ತವರು, ಬಿಟ್ಟುಹೋದವರು ಹಲವರನ್ನು ಕರೆತಂದು ಬರೀ ಆಟವನ್ನು ತಿದ್ದಿ ತೀಡಿದರು. ಚೀನಾದಲ್ಲಿ ಇದನ್ನು ಈಗಲೂ ಪಂದ್ಯ ಕಟ್ಟಿ ಆಡುತ್ತಾರೆ.

ಇಲ್ಲಿ ಕಲಿಯಬೇಕಾದದ್ದು ಹಾರುವುದು. ಮೇಲಕ್ಕೆ ಒತ್ತಿ ತಕ್ಷಣ ಬಿಟ್ಟರೆ ಸಣ್ಣ ಜಿಗಿತ, ಒತ್ತಿ ಹಿಡಿದರೆ ಪೂರ್ತಿ ಜಿಗಿತ. ಅದಕ್ಕೂ ಮುಂಚೆ ಕೆಳಗೆ ತಟ್ಟಿದರೆ ಇನ್ನೂ ದೂರ ಹೋಗುತ್ತದೆ. ಹೀಗೆ ನಾಲ್ಕು ಬಗೆ. ಸ್ಟ್ರೀಟ್ ಫೈಟರ್ 2ರಲ್ಲಿ ಹಾರುವುದು ಅಪಾಯ, ಎದುರಾಳಿ ಕೆಳಗಿಂದ ಹೊಡೆದು ಬೀಳಿಸುತ್ತಾನೆ. ಇಲ್ಲಿ ಸಣ್ಣ ಜಿಗಿತ ಎಷ್ಟು ಚುರುಕು ಅಂದರೆ ಅದನ್ನು ನೋಡಿ ತಡೆಯುವಷ್ಟು ಹೊತ್ತೇ ಇರುವುದಿಲ್ಲ, ಮೊದಲೇ ಊಹಿಸಬೇಕು. ಇಡೀ ಆಟದ ಒತ್ತಡ ಹುಟ್ಟುವುದು ಅಲ್ಲಿ. ಯಾರನ್ನು ಮೊದಲು ಕಳಿಸಬೇಕು, ಯಾರನ್ನು ಕೊನೆಗೆ ಇಟ್ಟುಕೊಳ್ಳಬೇಕು ಅನ್ನುವುದೂ ಲೆಕ್ಕದ ಮಾತು. ಅಡ್ವಾನ್ಸ್ಡ್ ಮೋಡ್ ತಗೊಂಡರೆ ಕೊನೆಯವನಿಗೆ ಪವರ್ ಸ್ಟಾಕ್, ಅಂದರೆ ಸೂಪರ್ ಹೊಡೆತಕ್ಕೆ ಬೇಕಾದ ಶಕ್ತಿ, ಕೂಡಿಡಲು ಜಾಸ್ತಿ ಜಾಗ ಸಿಗುತ್ತದೆ. ಅದಕ್ಕೆ ಸೂಪರ್ ಹೊಡೆತವನ್ನೇ ನಂಬಿದ ಪಾತ್ರ ಕೊನೆಗಿರಲಿ, ಏನೂ ಇಲ್ಲದೆ ನಿಭಾಯಿಸುವವನು ಮೊದಲು ಹೋಗಲಿ. ಕೊನೆಯ ಬಾಸ್ ಇಲ್ಲೂ ರುಗಾಲೇ. ಅವನನ್ನು ಗೆಲ್ಲುವುದನ್ನೇ ಗುರಿ ಮಾಡಿಕೊಳ್ಳಬೇಡಿ. ಎಸ್‌ಎನ್‌ಕೆ ಬಾಸ್‌ಗಳು ನ್ಯಾಯವಾಗಿ ಆಡುವುದಿಲ್ಲ, ಅದು ಲೋಕಕ್ಕೇ ಗೊತ್ತು. ಎದುರಿಗೆ ಇನ್ನೊಬ್ಬರನ್ನು ಕೂರಿಸಿಕೊಂಡು ಆಡಿ.

ಕೊನೆಗೆ ಗಾರೋ: ಮಾರ್ಕ್ ಆಫ್ ದ ವುಲ್ವ್ಸ್, 1999. ಮೊದಲ ಸ್ಟ್ರೀಟ್ ಫೈಟರ್ ನಿರ್ದೇಶಿಸಿದ ತಕಾಶಿ ನಿಶಿಯಾಮಾ ಆಮೇಲೆ ಎಸ್‌ಎನ್‌ಕೆಗೆ ಬಂದು 1991ರಲ್ಲಿ ಫೇಟಲ್ ಫ್ಯೂರಿ ಮಾಡಿದ್ದರು. ಗಾರೋ ಅದೇ ಸರಣಿಯದು. ಹಳಬರಲ್ಲಿ ಟೆರಿ ಒಬ್ಬನೇ ಉಳಿದಿದ್ದಾನೆ. ಟೋಪಿ ಇಲ್ಲ, ವಯಸ್ಸಾಗಿದೆ. ಅವನ ಶತ್ರು ಗೀಸ್‌ನ ಮಗ ರಾಕ್ ಹೊವಾರ್ಡ್‌ನನ್ನು ಸಾಕಿ ಬೆಳೆಸಿದ್ದಾನೆ. ರಾಕ್ ಹೊಡೆಯುವ ರೀತಿಯಲ್ಲಿ ಅಪ್ಪನ ವಿದ್ಯೆಯೂ ಇದೆ, ಟೆರಿಯ ವಿದ್ಯೆಯೂ ಇದೆ. ಒಂದು ಸಾಲು ಮಾತಿಲ್ಲದೆ ಇಡೀ ಕಥೆ ಕೈಚಲನೆಯಲ್ಲೇ ಬರುತ್ತದೆ. ಇದು ನನಗೆ ತುಂಬಾ ಇಷ್ಟ.

ಆಟದ ಒಳಗೆ ಎರಡು ವಿಷಯ ನೋಡಿ. ಒಂದು ಜಸ್ಟ್ ಡಿಫೆಂಡ್. ಏಟು ತಗುಲುವ ಕೊನೆಯ ಗಳಿಗೆಯಲ್ಲಿ ತಡೆದರೆ ಸ್ವಲ್ಪ ಜೀವ ವಾಪಸ್ ಬರುತ್ತದೆ. ಇನ್ನೊಂದು ಟಿಓಪಿ. ಆಟ ಶುರುವಾಗುವ ಮುಂಚೆ ಜೀವದ ಪಟ್ಟಿಯ ಮೊದಲು, ನಡು, ಕೊನೆ ಈ ಮೂರರಲ್ಲಿ ಒಂದು ಭಾಗವನ್ನು ನೀವೇ ಗುರುತು ಮಾಡುತ್ತೀರಿ. ಜೀವ ಆ ಭಾಗದಲ್ಲಿರುವಷ್ಟು ಹೊತ್ತು ಹೊಡೆತ ಬಲವಾಗುತ್ತದೆ, ಜೀವ ನಿಧಾನವಾಗಿ ತುಂಬುತ್ತದೆ, ಒಂದು ವಿಶೇಷ ಹೊಡೆತವೂ ಸಿಗುತ್ತದೆ. ಆರಂಭದಲ್ಲೇ ನುಗ್ಗುವವರು ಮೊದಲ ಭಾಗ ಆರಿಸುತ್ತಾರೆ, ಕೊನೆಗೆ ತಿರುಗಿ ಬೀಳುವವರು ಕೊನೆಯ ಭಾಗ. ಆರ್ಟ್ ಆಫ್ ಫೈಟಿಂಗ್ ಆಡಿದ ಮೇಲೆ ಇದನ್ನು ಹಾಕಿ ನೋಡಿ. 12 ಮೆಗಾಹರ್ಟ್ಸ್‌ನ ಅದೇ ಚಿಪ್ ಅಂತ ಹೇಳಿದರೂ ನಂಬಿಕೆ ಬರುವುದಿಲ್ಲ.

ಉತ್ತರ 2

ಮೇಲಿನ ಉತ್ತರ ಚೆನ್ನಾಗಿದೆ. ಆದರೆ ಬರೀ ಹೊಡೆದಾಟನಾ ಅಂತ ಕೇಳಿದವರಿಗೆ ಐದರಲ್ಲಿ ನಾಲ್ಕು ಹೊಡೆದಾಟವೇ ಕೊಟ್ಟಿದ್ದೀರಿ!

ವಿಂಡ್‌ಜ್ಯಾಮರ್ಸ್ ಬಿಡಲೇಬಾರದು. 1994, ಡೇಟಾ ಈಸ್ಟ್ ಮಾಡಿದ್ದು. ನಡುವೆ ಒಂದು ಬಲೆ, ಆಚೆ ಈಚೆ ಒಬ್ಬೊಬ್ಬರು, ಒಂದು ಹಾರುವ ತಟ್ಟೆ. ಎದುರಾಳಿಯ ಹಿಂದಿನ ಗೋಡೆಗೆ ತಗುಲಿಸಿದರೆ ಮೂರು ಅಥವಾ ಐದು ಅಂಕ. ಎಲ್ಲಿ ತಗುಲಿತು ಅನ್ನುವುದರ ಮೇಲೆ. ತಟ್ಟೆ ಹಿಡಿದ ಕೂಡಲೇ ವಾಪಸ್ ಎಸೆದರೆ ವೇಗ ಜಾಸ್ತಿ, ಹಿಡಿದುಕೊಂಡು ಯೋಚಿಸಿದರೆ ವೇಗ ಕಡಿಮೆ. ನಿಯಮ ಅರ್ಥವಾಗಲು ಒಂದು ನಿಮಿಷ ಸಾಕು. ಬಿಡಲು ಮಾತ್ರ ಮನಸ್ಸಾಗುವುದಿಲ್ಲ.

ನಿಯೋ ಟರ್ಫ್ ಮಾಸ್ಟರ್ಸ್ ಕೂಡ ಸೇರಿಸಿಕೊಳ್ಳಿ. ಗಾಲ್ಫ್, 1996. ಮೆಟಲ್ ಸ್ಲಗ್ ಮಾಡಿದ ಅದೇ ನಾಜ್ಕಾದವರದು. ಗಾಲ್ಫ್ ಬಗ್ಗೆ ಏನೂ ಗೊತ್ತಿಲ್ಲದವರೂ ಆಡಬಹುದು. ಪಝಲ್ ಬಾಬಲ್ ಗೊತ್ತಿರಬಹುದು, ಅದೂ ಇದರಲ್ಲಿದೆ. ವಿಮಾನದ ಆಟ ಬೇಕಾದರೆ 1998ರ ಬ್ಲೇಜಿಂಗ್ ಸ್ಟಾರ್.

ಉತ್ತರ 3

ಕಿಂಗ್ ಆಫ್ ಫೈಟರ್ಸ್ '94ನ್ನು ಒಂದೇ ಸಾಲಿನಲ್ಲಿ ದಾಟಿಸಿಬಿಟ್ಟರಲ್ಲ, ಅದು ನನಗೆ ಸರಿ ಅನ್ನಿಸಲಿಲ್ಲ. ಯಂತ್ರವನ್ನು ಹೇಗೆ ಕಲಿತರು ಅನ್ನುವುದೇ ಅಳತೆಗೋಲಾದರೆ, ಎಂಟು ತಂಡ, ಇಪ್ಪತ್ತನಾಲ್ಕು ಜನ ಒಂದೇ ಆಟದಲ್ಲಿ ಬಂದದ್ದು ಆಗಿನ ಕಾಲಕ್ಕೆ ಎಷ್ಟು ದೊಡ್ಡ ಹೆಜ್ಜೆ! ಇನ್ನೊಂದು, ಕತ್ತಿ ಹೊಡೆದಾಟದ ಆಟ ಲಾಸ್ಟ್ ಬ್ಲೇಡ್ 2 ಎಲ್ಲಿ? ಚಿತ್ರದ ಅಂದಕ್ಕೆ ಗಾರೋಗಿಂತ ಅದನ್ನೇ ಮೇಲಿಡುವವರು ನನ್ನ ಥರ ತುಂಬಾ ಜನ ಇದ್ದಾರೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ನಿನ್ನೆ ಆರ್ಟ್ ಆಫ್ ಫೈಟಿಂಗ್, ಸಮುರಾಯ್ ಶೋಡೌನ್ 2, ಮೆಟಲ್ ಸ್ಲಗ್ ಮೂರನ್ನೂ ಹಾಕಿ ನೋಡಿದೆ. ಸ್ಪ್ರೈಟ್ ಪಟ್ಟಿಗಳ ವಿಷಯ ತಿಳಿದ ಮೇಲೆ ನೋಡುವ ಕಣ್ಣೇ ಬೇರೆ ಆಯಿತು. ಸಮುರಾಯ್ ಶೋಡೌನ್ ತುಂಬಾ ಹಿಡಿಸಿದೆ.

ಮೆಟಲ್ ಸ್ಲಗ್‌ನಲ್ಲಿ ಕಾಯಿನ್ ಒತ್ತದೆ ಆಡಿದರೆ ಎರಡನೇ ಹಂತ ದಾಟಲು ಆಗುತ್ತಿಲ್ಲ. ಏನಾದರೂ ಉಪಾಯ ಇದೆಯಾ? ಮತ್ತೆ, ನನ್ನ ಸಂಗ್ರಹದಲ್ಲಿ ಕೆಲವು ಆಟಗಳ ಸಿಡಿ ಆವೃತ್ತಿಯೂ ಇದೆ. ಅದಕ್ಕೂ ಇದಕ್ಕೂ ವ್ಯತ್ಯಾಸ ಏನು? ಕಡ್ಡಿ ಇರುವ ಜಾಯ್‌ಸ್ಟಿಕ್ ಬೇಕೇ ಬೇಕಾ, ಪ್ಯಾಡ್ ಸಾಕಾ?

ಉತ್ತರ 1 ಬರೆದವರು

ಮೊದಲು '94, ಲಾಸ್ಟ್ ಬ್ಲೇಡ್ 2 ವಿಷಯ. '94 ದೊಡ್ಡ ಹೆಜ್ಜೆ ಅನ್ನುವುದು ಖಂಡಿತ. ಆದರೆ ಅದರಲ್ಲಿ ತಂಡವನ್ನು ನಮಗೆ ಬೇಕಾದ ಹಾಗೆ ಕಟ್ಟಲು ಬಿಡುವುದಿಲ್ಲ, ಅವರು ಕೊಟ್ಟ ಮೂವರನ್ನೇ ತಗೋಬೇಕು. ನಮ್ಮದೇ ತಂಡ ಕಟ್ಟುವುದು '95ರಿಂದ. ಹೊಸಬರು '94ರಲ್ಲಿ ರುಗಾಲ್ ಎದುರು ಸುಸ್ತಾಗಿ ಸರಣಿಯನ್ನೇ ಬಿಡುತ್ತಾರೆ, ಅದು ನನ್ನ ಚಿಂತೆ. '98 ಚೆನ್ನಾಗಿ ಆಡಿದ ಮೇಲೆ '94ಕ್ಕೆ ಹಿಂತಿರುಗಿದರೆ ಅದರ ಬೆಲೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಲಾಸ್ಟ್ ಬ್ಲೇಡ್ 2 ನನಗೂ ಪ್ರೀತಿಯ ಆಟ. ಆರನೆಯದಕ್ಕೆ ಜಾಗ ಇದ್ದರೆ ಅದೇ. ಸ್ಪೀಡ್, ಪವರ್ ಅಂತ ಎರಡು ಬಗೆ ಇವೆಯಲ್ಲ, ಒಂದೇ ಪಾತ್ರ ಎರಡರಲ್ಲೂ ಬೇರೆ ಬೇರೆ ಥರ ಆಡುತ್ತದೆ. ಸಮುರಾಯ್ ಶೋಡೌನ್ ಹಿಡಿಸಿದವರಿಗೆ ಸರಿಯಾದ ಮುಂದಿನ ಆಟ. ವಿಂಡ್‌ಜ್ಯಾಮರ್ಸ್‌ಗೂ ನನ್ನ ಪೂರ್ತಿ ಒಪ್ಪಿಗೆ, ಇಬ್ಬರು ಕೂತು ಆಡುವುದಾದರೆ ಮೊದಲ ದಿನವೇ ಅದನ್ನು ಹಾಕಿ.

ಇನ್ನು ಮೆಟಲ್ ಸ್ಲಗ್. ತುಂಬಾ ಜನ ಸಾಯುವುದು ಬಲಕ್ಕೆ ಓಡುತ್ತಲೇ ಇರುವುದರಿಂದ. ತೆರೆ ತಾನಾಗಿ ಹೆಚ್ಚು ಕಡೆ ಸರಿಯುವುದಿಲ್ಲ, ನೀವು ನಡೆದರೆ ಮಾತ್ರ ಸರಿಯುತ್ತದೆ. ಎರಡು ಹೆಜ್ಜೆ ಹಾಕಿ, ತೆರೆಯ ಅಂಚಿನಲ್ಲಿ ಕಂಡವರನ್ನು ಮುಗಿಸಿ, ಆಮೇಲೆ ಮುಂದೆ. ಬಗ್ಗಿಕೊಂಡೇ ನಡೆಯಲು ಬರುತ್ತದೆ, ತಲೆಯ ಮಟ್ಟದಲ್ಲಿ ಬರುವ ಎಷ್ಟೋ ಗುಂಡುಗಳು ಮೇಲೆಯೇ ಹೋಗುತ್ತವೆ. ತೀರಾ ಹತ್ತಿರದಲ್ಲಿ ಶೂಟ್ ಬಟನ್ ಒತ್ತಿದರೆ ಚಾಕು ಬರುತ್ತದೆ. ಅದಕ್ಕೆ ಅಂಕವೂ ಜಾಸ್ತಿ, ಗುಂಡೂ ಉಳಿಯುತ್ತದೆ.

ಹೆವಿ ಮೆಷಿನ್ ಗನ್ ಸಿಕ್ಕಾಗ ಇದೊಂದನ್ನು ಅಭ್ಯಾಸ ಮಾಡಿ. ಸಾಮಾನ್ಯ ಪಿಸ್ತೂಲಿಗೆ ಓರೆಯಾಗಿ ಹೊಡೆಯಲು ಬರುವುದಿಲ್ಲ. ಮೆಷಿನ್ ಗನ್ ಮುಂದಿನಿಂದ ಮೇಲಕ್ಕೆ ತಿರುಗುವಾಗ ನಡುವಿನ ಎಲ್ಲ ಕೋನಗಳಲ್ಲೂ ಗುಂಡು ಹಾರುತ್ತದೆ. ಹಾಗಾಗಿ ಶೂಟ್ ಬಟನ್ ಒತ್ತುತ್ತಲೇ ಮೇಲಕ್ಕೆ ತಿರುಗಿಸಿದರೆ ಅರ್ಧ ಆಕಾಶವನ್ನೇ ಗುಡಿಸಿದ ಹಾಗೆ ಆಗುತ್ತದೆ. ಮೇಲಿಂದ ಬರುವವರಿಗೆ ಇದಕ್ಕಿಂತ ಒಳ್ಳೆ ಉಪಾಯ ಇಲ್ಲ. ಗುಂಡು ಇನ್ನೂರೇ, ಚಿಲ್ಲರೆ ಸೈನಿಕರ ಮೇಲೆ ಖಾಲಿ ಮಾಡಬೇಡಿ. ಗ್ರೆನೇಡ್‌ಗಳನ್ನು ಬಾಸ್‌ಗೆ ಇಟ್ಟುಕೊಳ್ಳಿ. ಟ್ಯಾಂಕ್ ಮೂರನೇ ಏಟು ತಿಂದು ಮಿನುಗಲು ಶುರುವಾದರೆ ಯೋಚಿಸದೆ ಹೊರಗೆ ಹಾರಿ. ಒಂದೊಂದು ದಿನ ಒಂದೊಂದು ಹಂತ ಕಲಿತರೆ ಸಾಕು, ಒಟ್ಟು ಆರೇ ಹಂತ.

ಅದು ಕೈಗೆ ಬಂದ ಮೇಲೆ ಮೆಟಲ್ ಸ್ಲಗ್ 2ನ್ನು ಬಿಟ್ಟು ಮೆಟಲ್ ಸ್ಲಗ್ ಎಕ್ಸ್‌ಗೆ ಹೋಗಿ. 2ರಲ್ಲಿ ತೆರೆ ತುಂಬಿದಾಗ ಆಟ ತುಂಬಾ ನಿಧಾನವಾಗುತ್ತದೆ. 1999ರ ಎಕ್ಸ್ ಅದನ್ನೇ ತಿದ್ದಿ ಕಟ್ಟಿದ ಆಟ. ಆಮೇಲೆ 3. ಸಮುದ್ರದ ದಡದಲ್ಲಿ ಏಡಿಗಳಿಂದ ಶುರುವಾಗಿ ಬಾಹ್ಯಾಕಾಶದವರೆಗೆ ಹೋಗುವ ಆ ಆಟದಲ್ಲಿ ದಾರಿಗಳು ಕವಲೊಡೆಯುತ್ತವೆ. ಕಾಯಿನ್ ಒತ್ತುತ್ತಾ ನೇರ ಹೋದಾಗ ನೀವು ಅರ್ಧ ಆಟವನ್ನೂ ನೋಡಿರುವುದಿಲ್ಲ.

ಸಿಡಿ ಆವೃತ್ತಿ. ಕಾರ್ಟ್ರಿಡ್ಜ್ ದುಬಾರಿ ಅಂತ 1994ರಲ್ಲಿ ನಿಯೋ ಜಿಯೋ ಸಿಡಿ ತಂದರು. ಆಟದ ಬೆಲೆ ಇಳಿಯಿತು, ಆದರೆ ಡ್ರೈವ್ ಒಂದು ಪಟ್ಟು ವೇಗದ್ದು. ಕಾರ್ಟ್ರಿಡ್ಜ್‌ನಲ್ಲಿ ಎಲ್ಲ ಚಿತ್ರಗಳೂ ಯಾವಾಗಲೂ ಕೈಗೆ ಸಿಗುವ ಹಾಗಿರುತ್ತವೆ. ಸಿಡಿಯಲ್ಲಿ ಮೊದಲು 7 ಮೆಗಾಬೈಟ್ ಮೆಮೊರಿಗೆ ತುಂಬಿಕೊಳ್ಳಬೇಕು. ಕಿಂಗ್ ಆಫ್ ಫೈಟರ್ಸ್‌ನಲ್ಲಿ ಒಬ್ಬ ಸೋತು ಇನ್ನೊಬ್ಬ ಬರುವಾಗಲೆಲ್ಲ ಕಾಯಬೇಕು. ದೊಡ್ಡ ಆಟಗಳಲ್ಲಿ ಚಲನೆಯ ಚೌಕಟ್ಟುಗಳನ್ನೇ ಕತ್ತರಿಸಿದ್ದಾರೆ. ಸಿಡಿಯಲ್ಲಿ ಒಳ್ಳೆಯದು ಅಂದರೆ ಕೆಲವು ಆಟಗಳಿಗೆ ಹೊಸದಾಗಿ ನುಡಿಸಿದ ಸಂಗೀತ ಇದೆ. ಅದನ್ನು ಕೇಳಲು ಇಟ್ಟುಕೊಳ್ಳಿ, ಆಡಲು ಕಾರ್ಟ್ರಿಡ್ಜ್ ಆವೃತ್ತಿಯನ್ನೇ ತೆರೆಯಿರಿ. ಇದರ ಹೊರಗೆ ಏನಾದರೂ ಬೇಕಾದರೆ ಹ್ಯಾಮ್‌ಸ್ಟರ್ ಕಂಪನಿಯ ಎಸಿಎ ನಿಯೋ ಜಿಯೋ ಸರಣಿಯಲ್ಲಿ ಬಿಡಿಬಿಡಿಯಾಗಿ ಸಿಗುತ್ತವೆ, ಅವು ಆರ್ಕೇಡ್ ಆವೃತ್ತಿಗಳೇ.

ಪ್ಯಾಡ್ ಸಾಕು. ನಾಲ್ಕೇ ಬಟನ್, ಎಲ್ಲಕ್ಕೂ ಬೆರಳು ಸಿಗುತ್ತದೆ. '98ರ ಸಣ್ಣ ಜಿಗಿತಕ್ಕೆ ಮಾತ್ರ ಕಡ್ಡಿ ಇದ್ದರೆ ಕೈಗೆ ಬೇಗ ಕೂರುತ್ತದೆ ಅನ್ನುವುದು ನನ್ನ ಅನುಭವ. ಪ್ಯಾಡ್‌ನಲ್ಲಿ ಅಭ್ಯಾಸ ಮಾಡುವುದಾದರೆ ಅನಲಾಗ್ ಬಿಟ್ಟು ಅಡ್ಡ-ಉದ್ದ ಗುಂಡಿಯನ್ನೇ ಬಳಸಿ. ಪ್ರಾಕ್ಟೀಸ್ ಮೋಡ್‌ನಲ್ಲಿ ಕ್ಯೋ ಅನ್ನುವ ಪಾತ್ರವನ್ನು ತಗೊಂಡು ಮುಂದಕ್ಕೆ ಸಣ್ಣ ಜಿಗಿತ, ಜಿಗಿದ ಕೂಡಲೇ ಡಿ ಬಟನ್. ಹತ್ತು ಸಲ ಒತ್ತಿದರೆ ಹತ್ತೂ ಸಣ್ಣ ಜಿಗಿತವೇ ಬರುವಷ್ಟು ಆದ ಮೇಲೆ ಇಯೊರಿ ಅನ್ನುವ ಪಾತ್ರ. ಅವನ ಜೊತೆ ಏನು ಮಾಡಬೇಕು ಅಂತ ಬೇಕಾದರೆ ಕೇಳಿ, ಬರೆಯುತ್ತೇನೆ.